ಕಡ್ಲೆಕಾಯಿ ಎಣ್ಣೆ ಕುಡಿದ ಇಂಜಿನ್ನು

ಡೀಸೆಲ್ ಅಂದರೆ ನಮ್ಮ ಜನಕ್ಕೆ ಬಂಕಿನಲ್ಲಿ ಸಿಗೋ ಎಣ್ಣೆ. ಅದು ಒಬ್ಬ ಮನುಷ್ಯನ ಹೆಸರು ಅಂತ ಬಹಳ ಮಂದಿಗೆ ಗೊತ್ತಿಲ್ಲ. ಆ ಮನುಷ್ಯ ಕಟ್ಟಿದ ಇಂಜಿನ್ನು ಶುರುವಿನ ದಿನಗಳಲ್ಲೇ ಒಂದು ಸಲ ಕಡ್ಲೆಕಾಯಿ ಎಣ್ಣೆ ಕುಡಿದು ಓಡಿತ್ತು ಅನ್ನೋದು ಇನ್ನೂ ಕಡಿಮೆ ಮಂದಿಗೆ ಗೊತ್ತು. ನಾವು ಮಡಕಶಿರಾ ಸೀಮೆಯೋರು. ಮಳೆ ನಂಬಿ ಕಡ್ಲೆಕಾಯಿ ಬೆಳೀತೀವಿ, ಅದನ್ನ ಮಾರಿದ ದುಡ್ಡಲ್ಲಿ ಡೀಸೆಲ್ ಕೊಂಡು ಟ್ರ್ಯಾಕ್ಟರಿಗೆ ಹಾಕ್ತೀವಿ. ನಾನು ಓದಿದ್ದು ಏಳನೇ ಕ್ಲಾಸು, ಮಾಡೋದು ಬೇಸಾಯ, ಹಾಡೋದು ಪದ. ಆದರೂ ಈ ಕಥೆ ಮೇಷ್ಟ್ರುಗಳಿಗಿಂತ ಮೊದಲು ರೈತರಿಗೆ ಗೊತ್ತಿರಬೇಕು ಅನ್ನಿಸಿ ಬರೀತಾ ಇದ್ದೀನಿ.

ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದೋನು. ತಂದೆ ತಾಯಿ ಜರ್ಮನಿ ಕಡೆಯೋರು. ಆ ಕಾಲದಲ್ಲಿ ಯಂತ್ರ ಅಂದರೆ ಉಗಿಯಂತ್ರ. ಬಂಡಿಗಟ್ಟಲೆ ಕಲ್ಲಿದ್ದಲು ಉರಿಸಿದರೂ ಅದರ ಶಕ್ತಿಯಲ್ಲಿ ಹತ್ತರಲ್ಲಿ ಒಂದು ಪಾಲು ಕೆಲಸಕ್ಕೆ ಬಂದರೆ ಹೆಚ್ಚು, ಉಳಿದದ್ದೆಲ್ಲ ಬಿಸಿಯಾಗಿ ಗಾಳಿಗೆ. ಡೀಸೆಲ್ ಬೇರೆ ದಾರಿ ಹಿಡಿದ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗೋದು ನೀವೆಲ್ಲ ಮುಟ್ಟಿ ನೋಡಿರ್ತೀರಿ. ಗಾಳಿಯನ್ನ ಅದುಮಿದರೆ ಅದು ಕಾಯುತ್ತದೆ. ಬಹಳ ಅದುಮಿದರೆ 500 ಡಿಗ್ರಿಗೂ ಮೇಲೆ ಹೋಗುತ್ತದೆ. ಅಂಥ ಗಾಳಿಗೆ ಎಣ್ಣೆ ಚಿಮುಕಿಸಿದರೆ ಕಡ್ಡಿ ಗೀರಬೇಕಿಲ್ಲ, ಕಿಡಿ ಬೇಕಿಲ್ಲ, ತಾನೇ ಹತ್ತಿಕೊಳ್ಳುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಊರಲ್ಲಿ ಅವನ ಇಂಜಿನ್ನನ್ನ ಪರೀಕ್ಷೆ ಮಾಡಿದಾಗ ಎಣ್ಣೆಯ ಶಕ್ತಿಯಲ್ಲಿ ನೂರಕ್ಕೆ 26 ಪಾಲು ಕೆಲಸಕ್ಕೆ ಬಂತು. ಉಗಿಯಂತ್ರದೋರು ಬಾಯಿ ಮೇಲೆ ಕೈ ಇಟ್ಟುಕೊಂಡರು.

ಇಲ್ಲಿ ಒಂದು ತಪ್ಪು ಮಾತು ಊರೆಲ್ಲಾ ಓಡಾಡ್ತಾ ಐತೆ. ಡೀಸೆಲ್ ತನ್ನ ಇಂಜಿನ್ನನ್ನ ಕಡ್ಲೆಕಾಯಿ ಎಣ್ಣೆಗಾಗಿಯೇ ಮಾಡಿದ, ಆಮೇಲೆ ಕಂಪನಿಯೋರು ಮೋಸ ಮಾಡಿ ಬದಲಾಯಿಸಿದರು ಅಂತ. ಅದು ನಿಜ ಅಲ್ಲ. ಅವನು ಮೊದಲು ಕಲ್ಲಿದ್ದಲ ಪುಡಿಯನ್ನೂ ಯೋಚಿಸಿದ್ದ, ಕೊನೆಗೆ ಓಡಿಸಿದ್ದು ನೆಲದಿಂದ ತೆಗೆದ ಎಣ್ಣೆಯಲ್ಲಿ. ಕಡ್ಲೆಕಾಯಿ ಎಣ್ಣೆ ಬಂದದ್ದು 1900ರ ಪ್ಯಾರಿಸ್ ಮಹಾ ವಸ್ತುಪ್ರದರ್ಶನದಲ್ಲಿ. ಅಲ್ಲಿ ಒಟ್ಟೊ ಕಂಪನಿಯೋರು ಇಟ್ಟಿದ್ದ ಒಂದು ಸಣ್ಣ ಡೀಸೆಲ್ ಇಂಜಿನ್ನು ಕಡ್ಲೆಕಾಯಿ ಎಣ್ಣೆಯಲ್ಲಿ ಓಡಿತು. ನಟ್ಟು ಬೋಲ್ಟು ಏನೂ ಬದಲಾಯಿಸಿರಲಿಲ್ಲ. ಎಷ್ಟು ಸಲೀಸಾಗಿ ಓಡಿತು ಅಂದರೆ, ನೋಡಿದ ಜನದಲ್ಲಿ ಬಹಳ ಮಂದಿಗೆ ಒಳಗಿರೋದು ಯಾವ ಎಣ್ಣೆ ಅಂತಲೇ ತಿಳೀಲಿಲ್ಲ. ಹೀಗಂತ ಮುಂದೆ ಡೀಸೆಲ್ಲೇ ಬರೆದಿದ್ದಾನೆ.

ಕಡ್ಲೆಕಾಯಿ ಎಣ್ಣೆಯೇ ಯಾಕೆ? ಅದರ ಹಿಂದೆ ಫ್ರಾನ್ಸ್ ಸರ್ಕಾರ ಇತ್ತು. ಆಫ್ರಿಕಾದಲ್ಲಿ ಅವರ ಕೈಕೆಳಗಿದ್ದ ನಾಡುಗಳಲ್ಲಿ ಕಡ್ಲೆಕಾಯಿ ಬೇಕಾದಷ್ಟು ಬೆಳೀತಿತ್ತು. ಹೊರಗಿಂದ ಕಲ್ಲಿದ್ದಲು, ಎಣ್ಣೆ ಹೊತ್ತುಕೊಂಡು ಹೋಗೋ ಬದಲು ಅಲ್ಲೇ ಬೆಳೆದ ಕಾಯಿಂದ ಅಲ್ಲೇ ಯಂತ್ರ ಓಡಿಸಬಹುದಾ ಅನ್ನೋದು ಅವರ ಲೆಕ್ಕ. ನಮ್ಮ ದಕ್ಷಿಣದ ಕಡ್ಲೆಕಾಯಿ ಕೂಡ ಆ ಕಾಲದಲ್ಲಿ ಪಾಂಡಿಚೇರಿ ಬಂದರಿನಿಂದ ಹಡಗು ಹತ್ತಿ ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ಎಣ್ಣೆ ಗಿರಣಿಗಳಿಗೆ ಹೋಗ್ತಿತ್ತು. ಬೆಳೆದೋನು ಒಬ್ಬ, ಹಿಂಡಿದೋನು ಇನ್ನೊಬ್ಬ, ಲಾಭ ಎಣಿಸಿದೋನು ಮತ್ತೊಬ್ಬ.

ಆದರೂ ಡೀಸೆಲ್ ಕಂಡದ್ದು ದೊಡ್ಡದು. ಗಿಡದ ಎಣ್ಣೆ ಇವತ್ತು ಸಣ್ಣದಾಗಿ ಕಂಡರೂ ಮುಂದೊಂದು ದಿನ ಪೆಟ್ರೋಲಿಯಂ, ಕಲ್ಲಿದ್ದಲಿನಷ್ಟೇ ಬೆಲೆ ಬರಬಹುದು ಅನ್ನೋ ಅರ್ಥದಲ್ಲಿ ಅವನು 1912ರಲ್ಲಿ ಬರೆದ. ಅದನ್ನ ನೋಡೋದಕ್ಕೆ ಅವನೇ ಉಳೀಲಿಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೋಗೋ ಡ್ರೆಸ್ಡೆನ್ ಅನ್ನೋ ಹಡಗಿನಿಂದ ಕಾಣೆಯಾದ. ಕೆಲವು ದಿನಗಳ ಮೇಲೆ ಸಮುದ್ರದಲ್ಲಿ ಹೆಣ ಸಿಕ್ಕಿತು.

ಅವನು ಹೋದ ಮೇಲೆ ಪೆಟ್ರೋಲಿಯಂ ಅಗ್ಗವಾಗಿ ಸಿಗೋಕೆ ಶುರುವಾಯ್ತು. ಇಂಜಿನ್ನುಗಳು ತೆಳ್ಳನೆಯ ಡೀಸೆಲ್ಲಿಗೆ ತಕ್ಕ ಹಾಗೆ ಸಣ್ಣಗಾದವು, ಚುರುಕಾದವು. ಗಿಡದ ಎಣ್ಣೆ ಮರೆತುಹೋಯ್ತು. ಆಮೇಲಿನ ಚರಿತ್ರೆ ಪೂರಾ ಒಂದೇ ತಾಳದಲ್ಲಿ ನಡೀತದೆ: ಡೀಸೆಲ್ ತುಟ್ಟಿಯಾದಾಗ, ಸಿಗದೇ ಹೋದಾಗ ಗಿಡದ ಎಣ್ಣೆ ನೆನಪಾಗೋದು, ಅಗ್ಗವಾದ ಕೂಡಲೇ ಮರೆಯೋದು.

ಮರೆಯೋದಕ್ಕೆ ಇನ್ನೊಂದು ಕಾರಣ ಎಣ್ಣೆಯ ಗುಣದಲ್ಲೇ ಐತೆ. ಅಡಿಗೆ ಎಣ್ಣೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಮಂದ. ಮಂದ ಎಣ್ಣೆ ಸಣ್ಣಗೆ ಚಿಮ್ಮೋದಿಲ್ಲ, ಹನಿಹನಿಯಾಗಿ ಬೀಳುತ್ತೆ, ಪೂರ್ತಿ ಉರಿಯೋದಿಲ್ಲ. ಉಳಿದದ್ದು ನಾಝಲ್ ಬಾಯಲ್ಲಿ ಮಸಿ ಕಟ್ಟುತ್ತೆ, ಪಿಸ್ಟನ್ ರಿಂಗಿಗೆ ಅಂಟುತ್ತೆ, ಕೆಳಗಿನ ಇಂಜಿನ್ ಆಯಿಲ್ ಜೊತೆ ಸೇರಿ ಅದನ್ನೂ ಗಟ್ಟಿ ಮಾಡುತ್ತೆ. ಪ್ಯಾರಿಸ್‌ನಲ್ಲಿ ಸಲೀಸಾಗಿ ಓಡಿದ್ದು ನಿಜ, ಆದರೆ ವರ್ಷಗಟ್ಟಲೆ ಓಡಿಸೋದು ಬೇರೆ ಮಾತು.

ಇದಕ್ಕೆ ಎರಡು ದಾರಿ ಕಂಡುಹಿಡಿದರು. ಒಂದು, ಎಣ್ಣೆಯನ್ನ ಇಂಜಿನ್ನಿಗೆ ತಕ್ಕಂತೆ ಮಾಡೋದು. 1937ರಲ್ಲಿ ಬೆಲ್ಜಿಯಂ ದೇಶದ ಶಾವಾನ್ ಅನ್ನೋರು ಗಿಡದ ಎಣ್ಣೆಗೆ ಸಾರಾಯದ ಸತ್ವ ಸೇರಿಸಿ ತೆಳ್ಳಗೆ ಮಾಡೋ ವಿದ್ಯೆಗೆ ಪೇಟೆಂಟ್ ತಗೊಂಡರು. ಮಾರನೇ ವರ್ಷ ತಾಳೆಎಣ್ಣೆಯಿಂದ ಮಾಡಿದ ಆ ಇಂಧನದಲ್ಲಿ ಬ್ರಸೆಲ್ಸ್ ಮತ್ತು ಲೂವೆನ್ ಊರುಗಳ ನಡುವೆ ಬಸ್ಸು ಓಡಿತು. ಅವತ್ತು ಆ ಹೆಸರಿರಲಿಲ್ಲ, ಇವತ್ತು ನಾವು ಬಯೋಡೀಸೆಲ್ ಅನ್ನೋದು ಅದನ್ನೇ. ಈಗ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಹಾಕಿ ಮಾಡ್ತಾರೆ. ತಳದಲ್ಲಿ ಗ್ಲಿಸರಿನ್ ನಿಲ್ಲುತ್ತೆ, ಮೇಲಿನದು ಇಂಧನ. ಮೆಥನಾಲ್ ಕಣ್ಣು ಕಳೆಯೋ ವಿಷ, ಹುಡುಗರು ಮನೆಯಲ್ಲಿ ಆಟಕ್ಕೆ ಮಾಡೋ ಕೆಲಸ ಅಲ್ಲ.

ಇನ್ನೊಂದು ದಾರಿ, ಗಾಡಿಯನ್ನ ಎಣ್ಣೆಗೆ ತಕ್ಕಂತೆ ಮಾಡೋದು. 1973ರಲ್ಲಿ ಅರಬ್ ದೇಶಗಳು ಎಣ್ಣೆ ತಡೆದು ಲೋಕವೆಲ್ಲಾ ಕಂಗಾಲಾದ ಮೇಲೆ ಇದಕ್ಕೆ ಜೀವ ಬಂತು. ಗಾಡಿಗೆ ಎರಡು ಟ್ಯಾಂಕು ಇಡ್ತಾರೆ. ಡೀಸೆಲ್ಲಿನಲ್ಲಿ ಸ್ಟಾರ್ಟ್ ಮಾಡೋದು. ಇಂಜಿನ್ ಕಾದ ಮೇಲೆ ರೇಡಿಯೇಟರಿನ ಬಿಸಿನೀರು ಎರಡನೇ ಟ್ಯಾಂಕಿನ ಎಣ್ಣೆಯನ್ನ 70 ಡಿಗ್ರಿ ಹತ್ತಿರ ಕಾಯಿಸುತ್ತೆ. ಕಾದ ಎಣ್ಣೆ ತೆಳ್ಳಗಾಗುತ್ತೆ, ಆಗ ಅದಕ್ಕೆ ಬದಲಾಯಿಸೋದು. ನಿಲ್ಲಿಸೋ ಮುಂಚೆ ಮತ್ತೆ ಡೀಸೆಲ್ಲಿಗೆ ಬಂದು ಪೈಪು ತೊಳೆಯೋದು, ಇಲ್ಲದಿದ್ದರೆ ಬೆಳಿಗ್ಗೆಗೆ ಎಣ್ಣೆ ಹೆಪ್ಪಾಗಿ ಕೂತಿರುತ್ತೆ. ಕರಿದ ಎಣ್ಣೆಯಾದರೆ ಮೊದಲು ನೀರು, ಉಪ್ಪು, ಚೂರು ಎಲ್ಲಾ ತೆಗೆದು ನುಣ್ಣಗೆ ಸೋಸಬೇಕು. ಹಳೇ ಕಾಲದ ನಿಧಾನದ ಇಂಜಿನ್ನು ಇದನ್ನ ತಡೆಯುತ್ತೆ. ಈಗಿನ ಕಾಮನ್ ರೈಲ್ ಇಂಜಿನ್ನಿಗೆ ಹಾಕಿದರೆ ರಿಪೇರಿ ಖರ್ಚಿಗೆ ಹೊಲ ಮಾರಬೇಕಾದೀತು. ಆರ್‌ಸಿಯಲ್ಲಿ ಬರೆದ ಇಂಧನ ಬದಲಿಸೋದಕ್ಕೆ ಸರ್ಕಾರದ ಅನುಮತಿಯೂ ಬೇಕು.

ಸರ್ಕಾರದ ಮಾತು ಬಂದದ್ದಕ್ಕೆ ಒಂದು ತಮಾಷೆ. 2002ರಲ್ಲಿ ಬ್ರಿಟನ್ನಿನ ವೇಲ್ಸ್ ಸೀಮೆಯ ಲನೆಲ್ಲಿ ಅನ್ನೋ ಊರಲ್ಲಿ ಜನ ಅಂಗಡಿಯ ಅಡಿಗೆ ಎಣ್ಣೆಯನ್ನೇ ಕಾರಿಗೆ ಸುರಿದು ಓಡಿಸ್ತಾ ಇದ್ದರು. ಡೀಸೆಲ್ ಮೇಲಿನ ತೆರಿಗೆ ಅಷ್ಟು ಜಾಸ್ತಿ. ಹೊಗೆಯಲ್ಲಿ ಕರಿದ ತಿಂಡಿಯ ವಾಸನೆ ಬಂದು ಅಧಿಕಾರಿಗಳು ಗಾಡಿ ಹಿಡಿದರು. ತಪ್ಪು ಎಣ್ಣೆಯದಲ್ಲ, ತೆರಿಗೆ ಕಟ್ಟದೆ ಇದ್ದದ್ದು. ಕೊನೆಗೆ 2007ರಲ್ಲಿ ವರ್ಷಕ್ಕೆ 2,500 ಲೀಟರಿನವರೆಗೆ ಅಂಥ ಇಂಧನಕ್ಕೆ ತೆರಿಗೆ ಬೇಡ ಅಂತ ಅಲ್ಲಿನ ಸರ್ಕಾರವೇ ಬಿಟ್ಟಿತು.

ಈಗ ನಮ್ಮ ಕಡೆಗೆ ಬರೋಣ. ಕಡ್ಲೆಕಾಯಿ ಎಣ್ಣೆ ಉಂಬೋ ಎಣ್ಣೆ. ಒಗ್ಗರಣೆಗೆ ಅಳೆದು ಹಾಕೋ ಮನೆಗಳಿರೋ ನಾಡಲ್ಲಿ ಅದನ್ನ ಇಂಜಿನ್ನಿಗೆ ಸುರಿ ಅನ್ನೋದು ಅನ್ಯಾಯ. ಆದರೆ ಉಣ್ಣದ ಎಣ್ಣೆ ನಮ್ಮ ಬದುವಿನ ಮೇಲೇ ಐತೆ, ಹೊಂಗೆ. ನಮ್ಮ ಹಿರಿಯರು ಅದರಲ್ಲಿ ದೀಪ ಹಚ್ಚಿದರು, ಹಿಂಡಿಯನ್ನ ಹೊಲಕ್ಕೆ ಹಾಕಿದರು. ಗಾಣಕ್ಕೆ ಹಾಕಿದರೆ ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಎಣ್ಣೆ ಬರುತ್ತೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಉಡುಪಿ ಶ್ರೀನಿವಾಸ ಅವರು ಕರ್ನಾಟಕದ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಜನರೇಟರ್ ಓಡಿಸಿ, ಆ ಕರೆಂಟಿನಲ್ಲಿ ಬೋರ್‌ವೆಲ್ ನೀರೆತ್ತಿ ಹೊಲಗಳಿಗೆ ಹರಿಸಿ ತೋರಿಸಿದರು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಅಲ್ಲಿ ಸುಳ್ಳಾಯ್ತು. 2002ರ ಡಿಸೆಂಬರ್ 31ರಂದು ದೆಹಲಿ–ಅಮೃತಸರ ಶತಾಬ್ದಿ ರೈಲು ನೂರಕ್ಕೆ 5 ಪಾಲು ಬಯೋಡೀಸೆಲ್ ಬೆರೆಸಿ ಓಡಿತು.

ಎರಡನೇದು ಕರಿದು ಕಪ್ಪಾದ ಎಣ್ಣೆ. ಬೋಂಡಾ ಅಂಗಡಿಗಳಲ್ಲಿ ಅದೇ ಎಣ್ಣೆಯನ್ನ ಮತ್ತೆ ಮತ್ತೆ ಕಾಯಿಸೋದು ನಾವೆಲ್ಲಾ ನೋಡಿದ್ದೇವೆ. ಅದು ಹೊಟ್ಟೆಗೆ ಕೆಟ್ಟದ್ದು. 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೊಂದು ಮಿತಿ ಹಾಕಿ, ಅಂಥ ಎಣ್ಣೆಯನ್ನ ಕೂಡಿಸಿ ಬಯೋಡೀಸೆಲ್ ಮಾಡಿಸೋ ಯೋಜನೆ ತಂತು. ಹೊಟ್ಟೆಗೆ ಬೇಡವಾದದ್ದು ಇಂಜಿನ್ನಿಗೆ ಆಗುತ್ತೆ.

ಇದರಿಂದ ದೇಶದ ಡೀಸೆಲ್ಲೆಲ್ಲಾ ತಪ್ಪೋದಿಲ್ಲ. ಇರೋ ಹೊಂಗೆ ಮರ, ಇರೋ ಕರಿದೆಣ್ಣೆ ಅಷ್ಟಕ್ಕೆ ಸಾಲೋದಿಲ್ಲ. ಆದರೆ ಒಂದು ಊರಿನ ಗಾಣ, ಒಂದು ಊರಿನ ನೀರಿನ ಇಂಜಿನ್ನು ನಮ್ಮ ಕೈಯಲ್ಲೇ ಇರೋ ಹಾಗೆ ಮಾಡಿಕೊಳ್ಳಬಹುದು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅಂತಾರಲ್ಲ, ಈ ನೂರಿಪ್ಪತ್ತು ವರ್ಷದಿಂದ ನಡೆದಿರೋದು ಅದೇ. ರೇಟು ಏರಿದಾಗ ಹೊಂಗೆ ಸಸಿ ಹಂಚೋದು, ಇಳಿದಾಗ ಅದೇ ಮರ ಕಡಿದು ಸೌದೆ ಮಾಡೋದು. ನಮ್ಮ ಬದುಗಳಲ್ಲಿ ಹೊಂಗೆ ವರ್ಷಾ ವರ್ಷಾ ಕಡಿಮೆ ಆಗ್ತಾ ಐತೆ. ಮೇಷ್ಟ್ರುಗಳು ಈ ಮಳೆಗಾಲಕ್ಕೆ ಮಕ್ಕಳ ಕೈಲಿ ಶಾಲೆ ಬೇಲಿಯುದ್ದಕ್ಕೂ ನಾಲ್ಕು ಹೊಂಗೆ ಬೀಜ ಊರಿಸಲಿ. ಬೀಜಕ್ಕೆ ದುಡ್ಡು ಕೊಡಬೇಕಿಲ್ಲ, ಯಾವ ಹಳ್ಳದ ದಡದಲ್ಲಾದರೂ ಬಿದ್ದಿರ್ತವೆ.