ಕೇಪಿನ ಕೋವಿ, ಕೊಡಗು

ಕೊಡಗಿನ ಮನೆಗಳಲ್ಲಿ ಪೂಜೆ ಪಡೆಯುವ ಆಯುಧವಿದು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಸಿಂಗರಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಿಗೆ ಎರಡು: ಊರಿಗೆಲ್ಲ ಸುದ್ದಿ ಮುಟ್ಟುತ್ತಿದ್ದುದು ಹೀಗೆ.

ಉಕ್ಕಿನ ನಳಿಗೆ, ಮರದ ಹಿಡಿ. 19ನೇ ಶತಮಾನದಲ್ಲಿ ಕೇಪು, ಅಂದರೆ ಬಡಿದರೆ ಕಿಡಿ ಕಾರುವ ಪುಟ್ಟ ಟೋಪಿ, ಬಂದ ಮೇಲೆ ಚಕಮಕಿ ಕೋವಿಗಳು ಹಿಂದೆ ಸರಿದವು. ಜಡಿಮಳೆಯ ನಾಡಿಗೆ ಇದೇ ಹೆಚ್ಚು ನಂಬಿಕಸ್ತ.

ಸಿದ್ಧ ತೋಟಾ ಇದಕ್ಕಿಲ್ಲ. ಪ್ರತಿ ಸಲವೂ ನಳಿಗೆಯ ಬಾಯಿಂದಲೇ ಅಳೆದ ಕರಿಮದ್ದು, ಅದರ ಮೇಲೆ ನಾರು, ಆಮೇಲೆ ಸೀಸದ ಗುಂಡು ಇಳಿಸಿ ಸಲಾಕೆಯಿಂದ ಜಡಿಯಬೇಕು. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆಯೇ ಸಿಡಿದೀತು. ಅನುಭವಿಗಳ ಕೈಗಳಿಗೆ ಈ ಅಂದಾಜು ಚೆನ್ನಾಗಿ ಗೊತ್ತಿತ್ತು.

ನಳಿಗೆಯ ಬುಡದಲ್ಲಿ, ಕುದುರೆಯ (ಬಡಿಯುವ ಭಾಗದ) ಕೆಳಗೆ, ತೂತಿರುವ ಪುಟ್ಟ ತೊಟ್ಟನ್ನು ಗಮನಿಸಿ. ತಾಮ್ರದ ಕೇಪು ಕೂರುವುದು ಅಲ್ಲೇ. ಕುದುರೆ ಬಡಿದಾಗ ಹುಟ್ಟುವ ಕಿಡಿ ಆ ತೂತಿನಿಂದಲೇ ಮದ್ದಿಗೆ ತಲುಪುತ್ತದೆ.