ಎಳೆಯರ ಕೈಗೆ ಎಂತಹ ಕೋವಿ?

ಕಾಡಂಚಿನ ಊರಿನ ಹುಡುಗನಿಗೆ ಕೋವಿಯ ಮೇಲಣ ಆಸೆ ಹೊಸದಲ್ಲ. ತಾಳವಾಡಿಯಲ್ಲಿಯೂ ಆನೆಮಲೆಯ ತಪ್ಪಲಲ್ಲಿಯೂ ಉಡುಮಲೈಪೇಟೆಯ ತೆಂಕಣ ಹಳ್ಳಿಗಳಲ್ಲಿಯೂ ಮುದುಕರು ಇಂದಿಗೂ ಬೇಟೆಯ ಕಥೆ ಹೇಳುತ್ತಾರೆ. ಇಂದಿನ ಬಾಲಕನು ಅದರೊಡನೆ ಒಲಿಂಪಿಕ್ ಪಂದ್ಯದ ‘ಟ್ರ್ಯಾಪ್’ ಎಂಬ ಆಟವನ್ನೂ ಕಂಡು, ನನಗೂ ಒಂದು ಅಗ್ಗದ ಕೋವಿ ದೊರೆತೀತೆ ಎಂದು ಕೇಳುತ್ತಾನೆ. ಈ ಪ್ರಶ್ನೆಗೆ ಅಂಗಡಿಯ ಬೆಲೆಪಟ್ಟಿಯೊಂದೇ ಉತ್ತರ ಕೊಡಲಾರದು. ನಮ್ಮ ಸೀಮೆಯ ಚರಿತ್ರೆಯನ್ನು ಸ್ವಲ್ಪ ತಿರುವಿಹಾಕಬೇಕು.

ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕೊಯಮತ್ತೂರು ಮೈಸೂರಿನ ಸೇನೆ ಕೆಳನಾಡಿಗಿಳಿಯುವ ಹೆಬ್ಬಾಗಿಲಾಗಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಈ ನಾಡು ಕುಂಪಣಿಯ ವಶವಾಯಿತು. ಪಾಳೆಯಗಾರರ ಹೋರಾಟವನ್ನು ಅಡಗಿಸಿದ ಮೇಲೆ 1801ರ ಡಿಸೆಂಬರಿನಲ್ಲಿ ಮದರಾಸಿನ ಸರಕಾರವು ಅವರ ಕೋಟೆಗಳನ್ನು ಕೆಡಹಿಸಿ ಆಯುಧಗಳನ್ನು ಕಿತ್ತುಕೊಳ್ಳುವ ಘೋಷಣೆ ಹೊರಡಿಸಿತು. ಬಳಿಕ 1878ರ ಆಯುಧ ಕಾನೂನು ಬಂದಿತು. ಅದರ ನಿಯಮಗಳಲ್ಲಿ ಯುರೋಪಿಯನ್ನರಿಗೆ ವಿನಾಯಿತಿ, ಈ ನೆಲದ ರೈತನಿಗೆ ಪರವಾನಗಿ! ತನ್ನ ಹೊಲಕ್ಕೆ ನುಗ್ಗುವ ಹಂದಿಯನ್ನು ಬೆದರಿಸುವುದಕ್ಕೂ ಅವನು ಕಚೇರಿಯ ಬಾಗಿಲು ಕಾಯಬೇಕಾಯಿತು. ಅಗ್ಗದ ಕೋವಿಯ ಪ್ರಶ್ನೆ ಹಣದ ಪ್ರಶ್ನೆಯಾಗುವ ಮೊದಲು ಅಧಿಕಾರದ ಪ್ರಶ್ನೆಯಾಗಿತ್ತೆಂಬುದನ್ನು ನಾವು ಮರೆಯಲಾಗದು.

ಕೊಡಗಿನ ಮಾತು ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿರಾಯುಧಗೊಳಿಸುವ ಕಾನೂನಿನಿಂದ ಹೊರಗಿಟ್ಟನು. ಆ ವಿನಾಯಿತಿ, ಜಮ್ಮಾ ಹಿಡುವಳಿದಾರರಿಗೂ ಸೇರಿ, ಇಂದಿಗೂ ನಡೆದಿದೆ. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. ಅಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಮನೆಯ ಕೋವಿಗೆ ‘ತೋಕ್‌ಪೂ’ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಅಲ್ಲಿನ ಹುಡುಗನಿಗೆ ಕೋವಿ ಮನೆಯ ಆಸ್ತಿ. ನಮ್ಮ ಕಡೆಯ ಹುಡುಗನಿಗೆ ಹಾಗಲ್ಲ.

ನಮ್ಮ ಬೆಟ್ಟಗಳಲ್ಲಿ ಒಳ್ಳೆಯ ಕೋವಿ ತೋಟದ ದೊರೆಗಳ ಬಳಿಯೇ ಇತ್ತು. 1956ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದುದು ಹಿರಿಯ ಉಪಾಧ್ಯಾಯರಿಗೆ ತಿಳಿದೇ ಇದೆ. ಅಲ್ಲಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿ ಬೆಳೆಸಿದ ಮಾರಿಸ್ ಮನೆತನದ ರಾಂಡಾಲ್ಫ್ ಮಾರಿಸ್ ಹೆಸರಾಂತ ಬೇಟೆಗಾರ. ಆತನೇ ಮುಂದೆ ವನ್ಯಮೃಗಗಳ ರಕ್ಷಣೆಗಾಗಿ ವಾದಿಸಿದನು. ರೈತನ ಕೈಯಲ್ಲಿದ್ದುದಾದರೋ ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯುವ ಕೇಪಿನ ಕೋವಿ, ಅದೃಷ್ಟವಿದ್ದರೆ ಒಂಟಿನಳಿಗೆಯ ತೋಟಾ ಕೋವಿ.

ಈ ತೋಟಾ ಕೋವಿಯ ನಂಬರಿನ ಗುಟ್ಟು ವಿದ್ಯಾರ್ಥಿಗಳಿಗೆ ರುಚಿಸೀತು. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗಿದರೆ ಅದು 12ನೆಯ ನಂಬರು, ಇಪ್ಪತ್ತು ತೂಗಿದರೆ 20ನೆಯ ನಂಬರು. ಆದ್ದರಿಂದ ನಂಬರು ಏರಿದಷ್ಟೂ ನಳಿಗೆ ಕಿರಿದು! 12ರ ಬಾಯಿ ಸುಮಾರು ಹದಿನೆಂಟೂವರೆ ಮಿಲಿಮೀಟರು. ನಮ್ಮ ದೇಶದಲ್ಲಿ ಅಗ್ಗವಾಗಿ ದೊರೆತದ್ದು ಈ 12ರ ಒಂಟಿನಳಿಗೆ ಮತ್ತು ಜೋಡುನಳಿಗೆಗಳೇ. ಬಿಹಾರದ ಮುಂಗೇರಿನಲ್ಲಿ ಇವನ್ನು ಮಾಡುವ ಸಣ್ಣ ಕಾರ್ಖಾನೆಗಳಿವೆ. ನವಾಬ ಮೀರ್ ಕಾಸಿಮನು 1762ರ ಸುಮಾರಿಗೆ ತನ್ನ ರಾಜಧಾನಿಯನ್ನು ಅಲ್ಲಿಗೆ ಒಯ್ದು ಬಂದೂಕಿನ ಕಾರ್ಖಾನೆ ಹೂಡಿದಂದಿನಿಂದ ಆ ಊರಿನ ಕೈಗಳಿಗೆ ಈ ಕಸುಬು ಒಗ್ಗಿದೆ.

ಬೇಟೆಯ ಬಾಗಿಲು 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ಬಹುಮಟ್ಟಿಗೂ 1991ರ ತಿದ್ದುಪಡಿಯಿಂದ ಪೂರ್ತಿಯೂ ಮುಚ್ಚಿತು. ಮೊಲಕ್ಕಾಗಲಿ ಕಾಡುಕೋಳಿಗಾಗಲಿ ಈಡು ಹೊಡೆಯುವಂತಿಲ್ಲ. ಇದು ಒಳ್ಳೆಯದೇ ಆಯಿತೆಂದು ನಾವು ಎಣಿಸುತ್ತೇವೆ. ಹಂದಿಗೆ ಬೆಳೆ ಕಳೆದುಕೊಂಡ ರೈತನ ಮುಂದೆ ಮಾತ್ರ ಈ ಮಾತನ್ನು ಮೆಲ್ಲನೆ ಹೇಳಬೇಕು.

ಉಳಿದದ್ದು ಗುರಿಯಾಟ. ಇಂಗ್ಲೆಂಡಿನಲ್ಲಿ ಮೊದಲು ಜೀವಂತ ಪಾರಿವಾಳವನ್ನು ಗೂಡಿನಿಂದ ಬಿಟ್ಟು ಹೊಡೆಯುತ್ತಿದ್ದರು. 1880ರಲ್ಲಿ ಅಮೆರಿಕದ ಜಾರ್ಜ್ ಲಿಗೋವ್ಸ್ಕಿ ಮಣ್ಣಿನ ಬಿಲ್ಲೆಯನ್ನು ಕಂಡುಹಿಡಿದನು. ಇಂದಿನ ಬಿಲ್ಲೆ 11 ಸೆಂಟಿಮೀಟರು ಅಗಲ, ಸುಮಾರು 105 ಗ್ರಾಂ ತೂಕ. ಆಟಗಾರನ ಮುಂದೆ 15 ಮೀಟರು ದೂರದ ಕಂದಕದಿಂದ ಅದು ಚಿಮ್ಮುತ್ತದೆ. ಯಾವ ದಿಕ್ಕಿಗೆಂದು ಅವನಿಗೆ ತಿಳಿಯದು. ಅರ್ಹತಾ ಸುತ್ತುಗಳಲ್ಲಿ ಒಂದು ಬಿಲ್ಲೆಗೆ ಎರಡು ಈಡುಗಳು ಸಲ್ಲುವುದರಿಂದ ಒಂಟಿನಳಿಗೆ ಸಾಲದು. ಪಂದ್ಯದಲ್ಲಿ ಒಂದರ ಮೇಲೊಂದು ನಳಿಗೆಯುಳ್ಳ ಕೋವಿಯೇ ರೂಢಿ. ಅದು ಹೊರದೇಶದ ಮಾಲು, ಲಕ್ಷಗಟ್ಟಲೆ ಬೆಲೆ. 1980ರ ದಶಕದ ನಡುವಿನಿಂದ ಸಾಮಾನ್ಯರಿಗೆ ಆಮದೂ ನಿಂತಿದೆ. ಈ ಆಟದಲ್ಲಿ ಭಾರತಕ್ಕೆ ಮೊದಲು ಹೆಸರು ತಂದ, 1962ರ ವಿಶ್ವ ಪಂದ್ಯದಲ್ಲಿ ಬೆಳ್ಳಿ ಗೆದ್ದ ಕರ್ಣಿಸಿಂಗ್ ಬಿಕಾನೇರಿನ ಮಹಾರಾಜ. 2024ರ ಪ್ಯಾರಿಸ್ ಒಲಿಂಪಿಕ್ಕಿಗೆ ಹೋದ ಪೃಥ್ವಿರಾಜ್ ತೊಂಡೈಮಾನ್ ಪುದುಕ್ಕೋಟೆಯ ರಾಜಮನೆತನದವರು. ಇದರ ಸೋದರ ಆಟವಾದ ಡಬಲ್ ಟ್ರ್ಯಾಪಿನಲ್ಲಿ 2004ರ ಅಥೆನ್ಸ್ ಒಲಿಂಪಿಕ್ಕಿನ ಬೆಳ್ಳಿ ಗೆದ್ದ ರಾಜ್ಯವರ್ಧನ ಸಿಂಗ್ ರಾಠೋಡ್ ಆಗ ಸೇನೆಯ ಅಧಿಕಾರಿಯಾಗಿದ್ದರು. ಅರಮನೆಯೋ ಸೇನೆಯೋ ಬೆನ್ನಿಗಿಲ್ಲದ ಮಗ್ಗದ ಮನೆಯ ದೇವಾಂಗರ ಹುಡುಗನು, ಒಕ್ಕಲಿಗರ ಹುಡುಗಿಯು ಏನು ಮಾಡಬೇಕು?

ಮೊದಲು ಒಂದು ಲೆಕ್ಕ. ದಿನಕ್ಕೆ ನೂರು ತೋಟೆ, ವಾರಕ್ಕೆ ಮೂರು ದಿನ, ವರ್ಷಕ್ಕೆ ನಲವತ್ತು ವಾರ ಎಂದರೆ 12,000 ತೋಟೆ. ತೋಟೆಯೊಂದಕ್ಕೆ 24 ಗ್ರಾಂ ಚರೆಯಂತೆ ಸೀಸವೇ 288 ಕಿಲೋ! ಕೋವಿ ಒಮ್ಮೆ ಕೊಳ್ಳುವ ವಸ್ತು, ತೋಟೆ ದಿನವೂ ಉರಿಯುವ ಎಣ್ಣೆ. ಹೊಲ ಒತ್ತೆಯಿಟ್ಟು ಕೋವಿ ಕೊಂಡವನು ತೋಟೆಗೆ ಹಣವಿಲ್ಲದೆ ಅದನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬೇಕಾದೀತು. ಆದುದರಿಂದ ಕಲಿಯುವವನಿಗೆ ಕ್ಲಬ್ಬಿನ ಕೋವಿಯೇ ಎಲ್ಲಕ್ಕಿಂತ ಅಗ್ಗ ಎಂಬುದು ನಮ್ಮ ಅಭಿಪ್ರಾಯ.

ಕಾನೂನೂ ಅದೇ ದಾರಿಯನ್ನು ತೋರಿಸುತ್ತದೆ. 1959ರ ಆಯುಧ ಕಾನೂನಿನಲ್ಲಿ ಕೋವಿ ಹೊಂದಲು 16 ವರ್ಷವೆಂದಿತ್ತು. 1983ರ ತಿದ್ದುಪಡಿ ಅದನ್ನು 21ಕ್ಕೆ ಏರಿಸಿತು. ಅದಕ್ಕಿಂತ ಎಳೆಯರು ನಿಯಮಕ್ಕೊಳಪಟ್ಟು ತರಬೇತಿಯಲ್ಲಿ ಮಾತ್ರ ಕೋವಿ ಮುಟ್ಟಬಹುದು. ಬೆಟ್ಟದೂರುಗಳಲ್ಲಿ ಕದ್ದುಮುಚ್ಚಿ ಕೈಸೇರುವ ನಾಡಕೋವಿಯ ಬೆಲೆ ಕಡಮೆಯೆಂದು ಯಾರಾದರೂ ಆಸೆ ಹುಟ್ಟಿಸಿದರೆ, 2019ರ ತಿದ್ದುಪಡಿಯ ಬಳಿಕ ಪರವಾನಗಿಯಿಲ್ಲದ ಕೋವಿಗೆ ಎರಡರಿಂದ ಐದು ವರ್ಷಗಳ ಸೆರೆವಾಸವಿದೆಯೆಂದು ಉಪಾಧ್ಯಾಯರು ತರಗತಿಯಲ್ಲೇ ಹೇಳಿಬಿಡಬೇಕು. ಅಂತಹ ಕೋವಿಯ ನಳಿಗೆ ಸಿಡಿದರೆ ಹೋಗುವುದು ಹುಡುಗನ ಕಣ್ಣು.

ಇನ್ನು ಆಯ್ಕೆಯ ಮಾತು. ಎಳೆಯನಿಗೆ ಹಗುರವಾದ ಕೋವಿಯೇ ಲೇಸೆಂದು ಹೆತ್ತವರು ಭಾವಿಸುವುದುಂಟು. ಒಂದೇ ತೋಟೆಗೆ ಹಗುರ ಕೋವಿ ಹೆಚ್ಚು ಒದೆಯುತ್ತದೆ. ಹೆಗಲು ನೊಂದ ಹುಡುಗ ಮುಂದಿನ ಈಡಿಗೆ ಕಣ್ಣು ಮುಚ್ಚುತ್ತಾನೆ. ಆ ಚಟ ಬಿಡಿಸುವುದು ಬಲು ಕಷ್ಟ. ಬೇಟೆಯ ಕೋವಿ ಹೊತ್ತು ನಡೆಯಲೆಂದು ಹಗುರವಾಗಿರುತ್ತದೆ, ಟ್ರ್ಯಾಪಿನದು ಮೂರೂವರೆ ಕಿಲೋಗೂ ಮಿಕ್ಕಿರುವುದುಂಟು. ದೂರ ಸರಿಯುವ ಬಿಲ್ಲೆಗೆ ಚರೆ ಚದುರದಂತೆ ಅದರ ನಳಿಗೆಯ ತುದಿಯನ್ನು ಕಿರಿದು ಮಾಡಿರುತ್ತಾರೆ. ಆದುದರಿಂದ ಅಜ್ಜನ ಪರವಾನಗಿಯ ಹಳೆಯ ಜೋಡುನಳಿಗೆ ಮನೆಯಲ್ಲಿದ್ದರೂ ಅದು ಈ ಆಟಕ್ಕೆ ತಕ್ಕುದಲ್ಲ. ಹುಡುಗನಿಗೆ ಹಗುರವಾಗಬೇಕಾದದ್ದು ತೋಟೆಯ ಮದ್ದು ಮತ್ತು ಚರೆ.

ಅಳತೆಯನ್ನು ಶಾಲೆಯಲ್ಲೇ ನೋಡಬಹುದು, ಕೋವಿ ಬೇಡ. ಹುಡುಗನು ಮೊಣಕೈಯನ್ನು ನೇರ ಕೋನಕ್ಕೆ ಮಡಿಸಿ ನಿಲ್ಲಲಿ. ಮೊಣಕೈಯ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಎಷ್ಟು ಉದ್ದವೋ, ಹೆಗಲಿಗೊತ್ತುವ ಮರದ ತುದಿಯಿಂದ ಕುದುರೆಯವರೆಗೆ ಹೆಚ್ಚುಕಡಮೆ ಅಷ್ಟಿದ್ದರೆ ಕೋವಿ ಅವನಿಗೆ ಹೊಂದುತ್ತದೆ. ಬೆಳೆಯುವ ವಯಸ್ಸಿನಲ್ಲಿ ಈ ಅಳತೆ ಆರು ತಿಂಗಳಿಗೊಮ್ಮೆ ಬದಲಾಗುವುದರಿಂದ ಅದನ್ನು ದಿನಾಂಕದೊಡನೆ ಬರೆದಿಟ್ಟುಕೊಂಡು, ಕ್ಲಬ್ಬಿಗೆ ಹೋದಾಗ ತರಬೇತುದಾರರ ಕೈಗೆ ಕೊಡುವುದು.