ಮೆಟಲ್ ಗಿಯರ್ ಸಾಲಿಡ್

ಮೆಟಲ್ ಗಿಯರ್ ಸಾಲಿಡ್ : ಜಪಾನಿನ ಕೊನಾಮಿ ಸಂಸ್ಥೆ ಸೋನಿ ಪ್ಲೇಸ್ಟೇಷನ್ ಕನ್ಸೋಲಿಗಾಗಿ 1998ರಲ್ಲಿ ಹೊರತಂದ ವಿಡಿಯೊ ಗೇಮ್. ಶತ್ರುವನ್ನು ಕೊಂದು ಮುನ್ನುಗ್ಗುವುದಕ್ಕಿಂತ ಅವನ ಕಣ್ಣು ತಪ್ಪಿಸಿ ನುಸುಳುವುದೇ ಇಲ್ಲಿ ಆಟ. ಸ್ಟೆಲ್ತ್ ಆಕ್ಷನ್ ಎನ್ನುವ ಪ್ರಕಾರ ಇದಕ್ಕೂ ಮೊದಲೇ ಇತ್ತು. ಆದರೆ ಅದನ್ನು ಮನೆಯ ಟೀವಿ ಮುಂದೆ ಕುಳಿತ ಲಕ್ಷಾಂತರ ಜನರಿಗೆ ರೂಢಿ ಮಾಡಿಸಿದ ಕೀರ್ತಿ ಬಹುಮಟ್ಟಿಗೆ ಈ ಆಟದ್ದು. ನಿರ್ದೇಶಕ ಹಿಡಿಯೊ ಕೊಜಿಮಾ (ಜನನ 1963). ಪಾತ್ರಗಳಿಗೂ ಯಂತ್ರಗಳಿಗೂ ರೂಪ ಕೊಟ್ಟವರು ಯೋಜಿ ಶಿಂಕಾವಾ. ಜಪಾನಿನಲ್ಲಿ 1998ರ ಸೆಪ್ಟೆಂಬರ್ 3ರಂದು, ಅಮೆರಿಕದಲ್ಲಿ ಅದೇ ವರ್ಷದ ಅಕ್ಟೋಬರಿನಲ್ಲಿ, ಯುರೋಪಿನಲ್ಲಿ 1999ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಎರಡು ಸಿ.ಡಿ.ಗಳಲ್ಲಿ ಬಂದ ಈ ಆಟದ 60 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

ಹಿನ್ನೆಲೆ

ಕೊಜಿಮಾ ಕೊನಾಮಿ ಸೇರಿದ್ದು 1986ರಲ್ಲಿ. ಆಗ ಜಪಾನಿನ ಮನೆಗಳಲ್ಲಿ ಬಳಕೆಯಲ್ಲಿದ್ದ ಎಂಎಸ್ಎಕ್ಸ್2 ಕಂಪ್ಯೂಟರಿಗೆ ಒಂದು ಯುದ್ಧದ ಆಟ ಮಾಡಿಕೊಡುವ ಕೆಲಸ ಅವರ ಪಾಲಿಗೆ ಬಂತು. ಆ ಯಂತ್ರಕ್ಕೋ ಒಂದೇ ಪರದೆಯ ಮೇಲೆ ಹತ್ತಾರು ಸೈನಿಕರನ್ನೂ ಹಾರುವ ಗುಂಡುಗಳನ್ನೂ ಒಟ್ಟಿಗೆ ತೋರಿಸುವ ತ್ರಾಣವಿರಲಿಲ್ಲ. ಗುಂಡಿನ ಸುರಿಮಳೆ ಆಗದಿದ್ದರೆ ಗುಂಡಿಗೆ ಸಿಗದೆ ತಪ್ಪಿಸಿಕೊಳ್ಳುವುದನ್ನೇ ಆಟ ಮಾಡೋಣ ಎಂದು ಅವರು ದಾರಿ ಬದಲಿಸಿದರು. ಯುದ್ಧಕೈದಿಗಳು ಸೆರೆಶಿಬಿರದಿಂದ ಪಾರಾಗುವ ಕಥೆಯ 'ದಿ ಗ್ರೇಟ್ ಎಸ್ಕೇಪ್' ಚಲನಚಿತ್ರ ಈ ಯೋಚನೆಗೆ ಬೆಂಬಲವಾಯಿತು. ಹೀಗೆ ಹುಟ್ಟಿದ 'ಮೆಟಲ್ ಗಿಯರ್' 1987ರಲ್ಲಿ ಹೊರಬಂತು. ಯಂತ್ರದ ಬಡತನ ಒಂದು ಹೊಸ ಪ್ರಕಾರಕ್ಕೆ ದಾರಿ ತೆರೆದ ಇಂಥ ಉದಾಹರಣೆಗಳು ವಿಡಿಯೊ ಗೇಮ್ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಅಡಗುವ ಆಟದಲ್ಲಿ ಕೊಜಿಮಾ ಮೊದಲಿಗರೇನಲ್ಲ. ಅಮೆರಿಕದ ಸೈಲಸ್ ವಾರ್ನರ್ ಆಪಲ್ 2 ಕಂಪ್ಯೂಟರಿಗೆ 1981ರಲ್ಲೇ ಮಾಡಿದ 'ಕ್ಯಾಸಲ್ ವುಲ್ಫೆನ್‌ಸ್ಟೈನ್'ನಲ್ಲಿ ನಾಜಿ ಕೋಟೆಯಿಂದ ಕದ್ದು ಹೊರಬೀಳುವ ಕೈದಿಯ ಕಥೆಯಿದೆ. ಅದೇನೇ ಇರಲಿ, 1990ರಲ್ಲಿ ಬಂದ 'ಮೆಟಲ್ ಗಿಯರ್ 2: ಸಾಲಿಡ್ ಸ್ನೇಕ್' ಮುಂದಿನ ಆಟಕ್ಕೆ ಬೇಕಾದ ಸಾಮಗ್ರಿಯನ್ನೆಲ್ಲ ಒದಗಿಸಿತು. ಪರದೆಯ ಮೂಲೆಯ ರೇಡಾರ್, ತಲೆ ಹೊರಳಿಸಿ ನೋಡುವ ಕಾವಲುಗಾರರು, ಸದ್ದಿನಿಂದ ಅವರನ್ನು ಸೆಳೆಯುವುದು, ನೆಲದ ಮೇಲೆ ತೆವಳುವುದು ಎಲ್ಲವೂ ಅದರಲ್ಲೇ ಇದ್ದವು. ಆದರೆ ಅದು ಆಗ ಜಪಾನಿನ ಆಚೆ ಮಾರಾಟಕ್ಕೆ ಬರಲಿಲ್ಲ. 1998ರಲ್ಲಿ ಇತರ ದೇಶಗಳವರಿಗೆ ತೀರಾ ಹೊಸತಾಗಿ ಕಂಡ ಎಷ್ಟೋ ಸಂಗತಿಗಳು ಎಂಟು ವರ್ಷ ಹಳೆಯವು.

ಅದೇ 1998ರ ಆರಂಭದಲ್ಲಿ ಪ್ಲೇಸ್ಟೇಷನ್ನಿಗೆ ನಿಂಜಾಗಳ ಆಟ 'ಟೆಂಚು', ವರ್ಷದ ಕೊನೆಗೆ ಕಂಪ್ಯೂಟರಿಗೆ ನೆರಳು-ಸದ್ದುಗಳ ಲೆಕ್ಕಾಚಾರದ 'ಥೀಫ್: ದಿ ಡಾರ್ಕ್ ಪ್ರಾಜೆಕ್ಟ್' ಬಂದವು. ಸ್ಟೆಲ್ತ್ ಪ್ರಕಾರ ನೆಲೆನಿಂತದ್ದು ಆ ವರ್ಷ ಎಂದು ಹೇಳುವುದು ಇದರಿಂದಲೇ.

ಕಥೆ

ಕಥೆ ನಡೆಯುವುದು 2005ರಲ್ಲಿ, ಅಲಾಸ್ಕದ ತೀರದಾಚೆ ಕಲ್ಪಿಸಿದ ಶ್ಯಾಡೋ ಮೋಸಸ್ ಎಂಬ ದ್ವೀಪದಲ್ಲಿ. ಅಣ್ವಸ್ತ್ರಗಳನ್ನು ಕಳಚಿಡುವ ಅಲ್ಲಿನ ಕೇಂದ್ರವನ್ನು ಫಾಕ್ಸ್‌ಹೌಂಡ್ ಎಂಬ ವಿಶೇಷ ಪಡೆ ದಂಗೆಯೆದ್ದು ವಶಪಡಿಸಿಕೊಂಡಿದೆ. ಮುಖಂಡ ಲಿಕ್ವಿಡ್ ಸ್ನೇಕ್. ಹಿಂದಿನ ದಳಪತಿ ಬಿಗ್ ಬಾಸ್‌ನ ಶವ ಕೊಡದಿದ್ದರೆ 24 ಗಂಟೆಗಳಲ್ಲಿ ಅಣ್ವಸ್ತ್ರ ಹಾರಿಸುವುದಾಗಿ ಅವನ ಬೆದರಿಕೆ. ಅಣ್ವಸ್ತ್ರ ಹೊತ್ತು ಎರಡು ಕಾಲಿನ ಮೇಲೆ ನಡೆಯುವ ಯುದ್ಧಯಂತ್ರ ಮೆಟಲ್ ಗಿಯರ್ ರೆಕ್ಸ್ ಅವನ ಕೈಯಲ್ಲಿದೆ. ನಿವೃತ್ತನಾಗಿದ್ದ ಸಾಲಿಡ್ ಸ್ನೇಕ್‌ನನ್ನು ಕರ್ನಲ್ ಕ್ಯಾಂಪ್‌ಬೆಲ್ ಒಬ್ಬಂಟಿಯಾಗಿ ನೀರಿನಡಿಯಿಂದ ದ್ವೀಪಕ್ಕೆ ಕಳಿಸುತ್ತಾನೆ. ಕೈಯಲ್ಲಿ ಆಯುಧವಿಲ್ಲ. ಬೇಕಾದ್ದನ್ನು ಅಲ್ಲೇ ಹುಡುಕಿಕೊಳ್ಳಬೇಕು. ಹೊಟ್ಟೆಯಲ್ಲಿ ಬಚ್ಚಿಟ್ಟು ತಂದ ಒಂದು ಪೊಟ್ಟಣ ಸಿಗರೇಟು ಮಾತ್ರ ಅವನ ಸ್ವಂತದ್ದು.

ಆಡುವ ಬಗೆ

ಕ್ಯಾಮೆರಾ ಹೆಚ್ಚಿನಂಶ ಮೇಲಿನಿಂದ ನೋಡುತ್ತಿರುತ್ತದೆ. ಹೀಗಾಗಿ ಸ್ನೇಕ್‌ಗೆ ಕಾಣದ ಗೋಡೆಯಾಚೆಯೂ ಆಟಗಾರನಿಗೆ ಅಷ್ಟಿಷ್ಟು ಕಾಣುತ್ತದೆ. ಮೂಲೆಯ ರೇಡಾರಿನಲ್ಲಿ ಪ್ರತಿ ಕಾವಲುಗಾರ ಒಂದು ಚುಕ್ಕೆ. ಅವನ ನೋಟ ಎಲ್ಲಿಯವರೆಗೆ ಹರಿಯುತ್ತದೆ ಎಂಬುದನ್ನು ತೋರಿಸುವ ಬೀಸಣಿಗೆಯಾಕಾರದ ಬೆಳಕು ಆ ಚುಕ್ಕೆಯ ಮುಂದೆ. ಗೋಡೆಗೆ ಬೆನ್ನು ಹಚ್ಚಿದರೆ ಕ್ಯಾಮೆರಾ ಕೆಳಗಿಳಿದು ಓಣಿಯ ಉದ್ದಕ್ಕೂ ನೋಡುತ್ತದೆ. ತ್ರಿಕೋನ ಬಟನ್ ಒತ್ತಿ ಹಿಡಿದರೆ ಸ್ನೇಕ್‌ನ ಕಣ್ಣಿನಿಂದಲೇ ನೋಡಬಹುದು, ಆದರೆ ಆಗ ಹೆಜ್ಜೆ ಕಿತ್ತಿಡುವಂತಿಲ್ಲ. ನೋಡುವುದು ಇಲ್ಲವೇ ನಡೆಯುವುದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ಈ ಕಟ್ಟಳೆಯಿಂದ ಆಟಕ್ಕೆ ಅದರ ನಿಧಾನಗತಿ ಬಂದಿದೆ.

ಮೊದಲ ಹಂತವಾದ ಹಡಗುಕಟ್ಟೆಯನ್ನೇ ನೋಡಬಹುದು. ನೀರಿನಿಂದ ಮೇಲೆ ಬಂದ ಸ್ನೇಕ್ ಸರಕು ಲಿಫ್ಟ್ ಕೆಳಗಿಳಿಯುವವರೆಗೂ ಕಾಯಬೇಕು. ಬೆರಳೆಣಿಕೆಯ ಕಾವಲುಗಾರರು ಗೊತ್ತಾದ ಜಾಡಿನಲ್ಲೇ ಸುತ್ತುತ್ತಿರುತ್ತಾರೆ. ನೆಲದ ಮೇಲೆ ಅಲ್ಲಲ್ಲಿ ನೀರು ನಿಂತಿದೆ. ಅದರಲ್ಲಿ ಓಡಿದರೆ ಪಚಪಚ ಸದ್ದಾಗಿ ಹತ್ತಿರದವನು ತಿರುಗಿ ನೋಡುತ್ತಾನೆ. ಬೇಕೆಂದೇ ಗೋಡೆ ತಟ್ಟಿ ಸದ್ದು ಮಾಡಿ, ಅವನು ಏನೆಂದು ನೋಡಲು ಬಂದಾಗ ಇನ್ನೊಂದು ಕಡೆಯಿಂದ ಜಾರಿಕೊಳ್ಳಲೂಬಹುದು. ಹಿಂದಿನಿಂದ ಹೋಗಿ ಕುತ್ತಿಗೆ ಅಮುಕಲೂಬಹುದು. ಮುಂದಿನ ಹಂತದ ಹೆಲಿಪ್ಯಾಡ್ ಹಿಮದಿಂದ ಮುಚ್ಚಿದೆ. ಅಲ್ಲಿ ಸ್ನೇಕ್ ನಡೆದಲ್ಲೆಲ್ಲ ಹೆಜ್ಜೆಗುರುತು ಮೂಡುತ್ತದೆ, ಗುರುತು ಕಂಡ ಸೈನಿಕ ಇದು ಯಾರದೆಂದು ಗೊಣಗುತ್ತ ಅದರ ಬೆನ್ನು ಹತ್ತುತ್ತಾನೆ. ತನ್ನದೇ ನಡಿಗೆ ತನ್ನ ಮೇಲೆ ಚಾಡಿ ಹೇಳುವುದನ್ನು ಕಂಡ ಆಟಗಾರನಿಗೆ ಅಲ್ಲಿಂದ ಮುಂದೆ ಕಾಲ ಕೆಳಗಿನ ನೆಲದ ಮೇಲೂ ಗಮನವಿರುತ್ತದೆ.

ಸಿಕ್ಕಿಬಿದ್ದ ಕ್ಷಣದಲ್ಲಿ ಸೈನಿಕನ ತಲೆಯ ಮೇಲೆ ಕೆಂಪು ಆಶ್ಚರ್ಯಚಿಹ್ನೆ ಚಿಮ್ಮಿ ಚುರುಕಾದ ಒಂದು ನಾದ ಕೇಳುತ್ತದೆ. ಆಟವನ್ನು ಆಡದವರಿಗೂ ಇಂದು ಪರಿಚಿತವಾಗಿರುವ ಸದ್ದು ಅದು. ರೇಡಾರ್ ಕೆಟ್ಟುಹೋಗುತ್ತದೆ, ಸಂಗೀತ ಬದಲಾಗುತ್ತದೆ, ಸೈನಿಕರು ಎಲ್ಲ ಕಡೆಯಿಂದ ಮುಗಿಬೀಳುತ್ತಾರೆ. ಕಣ್ಮರೆಯಾಗಿ ಎಲ್ಲಾದರೂ ಅವಿತರೆ ಪರದೆಯ ಮೇಲಿನ ಸಂಖ್ಯೆ ಇಳಿಯತೊಡಗಿ, ಸೊನ್ನೆ ಮುಟ್ಟಿದ ಮೇಲೆ ಪಹರೆ ಮೊದಲಿನಂತಾಗುತ್ತದೆ. ಕಣ್ಣಾಮುಚ್ಚಾಲೆ ಆಡಿದವರಿಗೆ ಈ ಲಯವನ್ನು ವಿವರಿಸಬೇಕಾಗಿಲ್ಲ.

ಆಯುಧಗಳಿಗಿಂತ ಸಲಕರಣೆಗಳೇ ಇಲ್ಲಿ ಸ್ವಾರಸ್ಯ. ಸಿಗರೇಟು ಹಚ್ಚಿದರೆ ಸ್ನೇಕ್‌ನ ಪ್ರಾಣಶಕ್ತಿ ಸ್ವಲ್ಪಸ್ವಲ್ಪವೇ ಕುಗ್ಗುತ್ತದೆ, ಆದರೆ ಹೊಗೆಯಲ್ಲಿ ಬರಿಗಣ್ಣಿಗೆ ಕಾಣದ ಅವಕೆಂಪು ಕಿರಣಗಳು ಗೆರೆಗೆರೆಯಾಗಿ ಗೋಚರಿಸುತ್ತವೆ. ಚಾಫ್ ಗ್ರೆನೇಡ್ ಕಣ್ಗಾವಲು ಕ್ಯಾಮೆರಾಗಳನ್ನು ಕುರುಡಾಗಿಸುತ್ತದೆ, ಜೊತೆಗೆ ನಮ್ಮ ರೇಡಾರನ್ನೂ. ರಟ್ಟಿನ ಪೆಟ್ಟಿಗೆಯನ್ನು ಮೈಮೇಲೆ ಕವುಚಿಕೊಂಡು ಕೂತರೆ ಸೈನಿಕರು ಸರಕೆಂದು ತಿಳಿದು ಮುಂದೆ ಹೋಗುತ್ತಾರೆ. ಪೆಟ್ಟಿಗೆಯೊಳಗೇ ಲಾರಿ ಹತ್ತಿ ಕುಳಿತರೆ ಪೆಟ್ಟಿಗೆಯ ಮೇಲಿನ ವಿಳಾಸಕ್ಕೆ ತಲುಪಿಸಿಬಿಡುತ್ತಾರೆ. ಬಂದೂಕುಗಾರ್ತಿ ಸ್ನೈಪರ್ ವುಲ್ಫ್ ಜೊತೆಗಿನ ಕಾಳಗದಲ್ಲಿ ದುರ್ಬೀನಿನ ಗುರಿ ನಿಲ್ಲದೆ ತೂಗಾಡುತ್ತದೆ. ಡಯಾಜೆಪಾಮ್ ಮಾತ್ರೆ ನುಂಗಿದರೆ ಸ್ನೇಕ್‌ನ ಕೈನಡುಕ ನಿಲ್ಲುತ್ತದೆ. ಇವುಗಳಲ್ಲಿ ಯಾವುದನ್ನೂ ಆಟ ಒತ್ತಾಯದಿಂದ ಕಲಿಸುವುದಿಲ್ಲ. ಸೆಲೆಕ್ಟ್ ಬಟನ್ ಒತ್ತಿ ಕೋಡೆಕ್ ಎಂಬ ರೇಡಿಯೊದಲ್ಲಿ ಜೊತೆಗಾರರನ್ನು ಕರೆದರೆ ಅವರು ಸಂದರ್ಭಕ್ಕೆ ತಕ್ಕ ಸಲಹೆ ಕೊಡುತ್ತಾರೆ. ಆಟವನ್ನು ಉಳಿಸಿಕೊಳ್ಳಬೇಕಾದರೂ ಅದೇ ರೇಡಿಯೊದಲ್ಲಿ ಮೇ ಲಿಂಗ್ ಎಂಬ ತರುಣಿಗೆ ಕರೆ ಮಾಡಬೇಕು.

ಆಟ ಮುಗಿದಾಗ ಹಿಡಿದ ಸಮಯ, ಸಿಕ್ಕಿಬಿದ್ದ ಸಲ, ಕೊಂದವರ ಸಂಖ್ಯೆ, ತಿಂದ ಪಡಿತರ ಎಲ್ಲವನ್ನೂ ಎಣಿಸಿ ಆಟಗಾರನಿಗೊಂದು ಬಿರುದು ಕೊಡಲಾಗುತ್ತದೆ. ಬಹುಪಾಲು ಪ್ರಾಣಿಗಳ ಹೆಸರುಗಳು. ಅತ್ಯುನ್ನತವಾದದ್ದು ಬಿಗ್ ಬಾಸ್.

ಕನ್ಸೋಲೇ ಆಟದೊಳಗೆ

ಆಟಗಾರನ ಕೈಯಲ್ಲಿರುವ ಯಂತ್ರವನ್ನೇ ಕಥೆಯೊಳಕ್ಕೆ ಎಳೆದುಕೊಂಡದ್ದು ಈ ಕೃತಿಯ ದೊಡ್ಡ ಸಾಹಸ. ಮನೆಯ ಕನ್ಸೋಲಿಗೆಂದೇ ಬರೆದ ಆಟ ಇದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮೆರಿಲ್ ಎಂಬ ಸೈನಿಕಳ ರೇಡಿಯೊ ತರಂಗಸಂಖ್ಯೆ ಬೇಕಾದಾಗ ಅದು ಸಿ.ಡಿ. ಪೆಟ್ಟಿಗೆಯ ಹಿಂಬದಿಯಲ್ಲಿದೆ ಎಂದು ಒಂದು ಪಾತ್ರ ಹೇಳುತ್ತದೆ. ಅದಾಗಲೇ ಸ್ನೇಕ್‌ನ ಬಳಿ ಒಂದು ಡಿಸ್ಕ್ ಇರುವುದರಿಂದ ಆಟದೊಳಗೆ ತಡಕಾಡಿದವರೇ ಹೆಚ್ಚು. ನಿಜವಾಗಿ ನೋಡಬೇಕಾದದ್ದು ಅಂಗಡಿಯಿಂದ ತಂದ ಆಟದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು. ಅದರ ಹಿಂಬದಿಯಲ್ಲಿ ಅಚ್ಚಾದ ಒಂದು ಚಿತ್ರದಲ್ಲಿ 140.15 ಎಂಬ ಸಂಖ್ಯೆ ಕಾಣುತ್ತದೆ. ಪೆಟ್ಟಿಗೆಯಿಲ್ಲದೆ ಬರಿಯ ಸಿ.ಡಿ. ಇಟ್ಟುಕೊಂಡವರಿಗೆ ಇದು ಪೇಚಿನ ಘಟ್ಟ.

ಇದಕ್ಕಿಂತ ಪ್ರಸಿದ್ಧವಾದದ್ದು ಸೈಕೊ ಮ್ಯಾಂಟಿಸ್ ಪ್ರಸಂಗ. ಪರರ ಮನಸ್ಸನ್ನು ಓದುವ ಈ ಎದುರಾಳಿ ಸ್ನೇಕ್‌ನನ್ನು ಬಿಟ್ಟು ಆಟಗಾರನ ಜೊತೆ ಮಾತಿಗೆ ಇಳಿಯುತ್ತಾನೆ. ಮೆಮೊರಿ ಕಾರ್ಡಿನಲ್ಲಿ ಕೊನಾಮಿಯ ಬೇರೆ ಆಟಗಳ ಕಡತಗಳಿದ್ದರೆ ಅವುಗಳ ಹೆಸರು ಹೇಳಿ, ನಿನಗೆ ಇದು ಇಷ್ಟ ಅಲ್ಲವೇ ಎನ್ನುತ್ತಾನೆ. ಎಷ್ಟು ಸಲ ಆಟ ಉಳಿಸಿದ್ದೀಯೆ ಎಂಬುದರ ಮೇಲೆ ಗುಣದೋಷ ಎಣಿಸುತ್ತಾನೆ. ಕಂಟ್ರೋಲರನ್ನು ನೆಲದ ಮೇಲಿಡು ಎಂದು ಅಪ್ಪಣೆ ಕೊಟ್ಟು, ಡ್ಯುಯಲ್‌ಶಾಕ್‌ನ ಕಂಪನದಿಂದ ಅದನ್ನು ಅಲುಗಾಡಿಸಿ ತನ್ನ ಮನಶ್ಶಕ್ತಿಯೆಂದು ಮೆರೆಯುತ್ತಾನೆ. ನಡುವೆ ಪರದೆ ಕಪ್ಪಾಗಿ ಮೂಲೆಯಲ್ಲಿ ಹಸಿರಕ್ಷರ ಮೂಡುತ್ತದೆ. ಟೀವಿಯೇ ಕೆಟ್ಟಿತೆಂದು ಎದ್ದು ಹೋಗುವಂತೆ. ಅವನ ಮೇಲೆ ಹಾರಿಸಿದ ಒಂದು ಗುಂಡೂ ತಗಲುವುದಿಲ್ಲ, ಏಕೆಂದರೆ ಆಟಗಾರ ಒತ್ತುವ ಪ್ರತಿ ಬಟನ್ನೂ ಅವನಿಗೆ ಮೊದಲೇ ಗೊತ್ತು. ಪರಿಹಾರವೆಂದರೆ ಕಂಟ್ರೋಲರಿನ ತಂತಿಯನ್ನು ಕನ್ಸೋಲಿನ ಒಂದನೆಯ ಪೋರ್ಟಿನಿಂದ ಕಿತ್ತು ಎರಡನೆಯದಕ್ಕೆ ಚುಚ್ಚುವುದು. ಆಗ ಅವನು ದಿಕ್ಕೆಡುತ್ತಾನೆ. ಬುದ್ಧಿವಂತಿಕೆಯ ಪ್ರದರ್ಶನವಷ್ಟೇ ಆಗಬಹುದಾಗಿದ್ದ ಈ ಪ್ರಸಂಗ ನಿಜಕ್ಕೂ ಮೈ ಜುಮ್ಮೆನಿಸುತ್ತದೆ. ಇಷ್ಟು ಹೊತ್ತೂ ಪಹರೆಯವರಿಂದ ಅಡಗಿಕೊಂಡು ಬಂದ ಆಟಗಾರ ತಾನು ಸೋಫಾದ ಮೇಲೆ ಸುರಕ್ಷಿತನೆಂದು ನಂಬಿರುತ್ತಾನೆ. ಮ್ಯಾಂಟಿಸ್ ಅವನನ್ನು ಅಲ್ಲಿಯೇ ಕಂಡುಹಿಡಿಯುತ್ತಾನೆ.

ಚಿತ್ರಹಿಂಸೆಯ ದೃಶ್ಯವೂ ಇದೇ ಜಾಡಿನದು. ಸ್ನೇಕ್‌ನ ಮೈಗೆ ವಿದ್ಯುತ್ ಹರಿಸುವ ರಿವಾಲ್ವರ್ ಆಸೆಲಾಟ್ ಎಂಬ ಎದುರಾಳಿಯ ಮುಂದೆ ಬದುಕುಳಿಯಲು ವೃತ್ತದ ಬಟನ್ನನ್ನು ಬೆರಳು ಸೋಲುವಷ್ಟು ಬೇಗ ಒತ್ತುತ್ತಿರಬೇಕು, ತಾನಾಗಿ ಒತ್ತಿಕೊಳ್ಳುವ ಆಟೊಫೈರ್ ಸಾಧನ ಬಳಸಿದರೆ ಗೊತ್ತಾಗುತ್ತದೆಂದು ಅವನು ಮೊದಲೇ ಎಚ್ಚರಿಸುತ್ತಾನೆ. ತಾಳಿಕೊಂಡರೆ ಕೊನೆಯಲ್ಲಿ ಮೆರಿಲ್ ಬದುಕಿರುತ್ತಾಳೆ, ಶರಣಾದರೆ ಇಲ್ಲ. ಆಟಗಾರನ ನೋಯುವ ಬೆರಳಿಗೆ ಕಥೆಯ ಅಂತ್ಯವನ್ನು ಕಟ್ಟಿಹಾಕಿದ ಈ ಕಲ್ಪನೆಗೆ ಆ ಕಾಲದಲ್ಲಿ ಸಾಟಿ ಸಿಗುವುದು ಕಷ್ಟ.

ತಯಾರಿಕೆ ಮತ್ತು ಮೌಲ್ಯ

ಮೂರು ಆಯಾಮದ ಕಟ್ಟಡಗಳನ್ನು ಯೋಜಿಸಲು ತಂಡದವರು ಲೆಗೊ ಇಟ್ಟಿಗೆಗಳಿಂದ ಮಾದರಿ ಕಟ್ಟಿ, ಅದರೊಳಗೆ ಸಣ್ಣ ಕ್ಯಾಮೆರಾ ಹಾಯಿಸಿ ನೋಡುತ್ತಿದ್ದರು. ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ ಕೇವಲ 2 ಎಂ.ಬಿ. ಪಾತ್ರಗಳ ಮುಖದಲ್ಲಿ ಕಣ್ಣು ಬಾಯಿ ಆಡುವುದಿಲ್ಲ, ಮಾತಾಡುವಾಗ ತಲೆಯಷ್ಟೇ ಅಲ್ಲಾಡುತ್ತದೆ. ಆದರೂ ಕಥೆಯ ದೃಶ್ಯಗಳನ್ನು ಬೇರೆಯಾಗಿ ಚಿತ್ರಿಸಿದ ವಿಡಿಯೊಗಳಾಗಿ ಕೊಡದೆ ಆಟದ ಎಂಜಿನ್‌ನಲ್ಲೇ ನಡೆಸಿದ್ದರಿಂದ, ಆಡುವುದಕ್ಕೂ ನೋಡುವುದಕ್ಕೂ ನಡುವೆ ಗೋಡೆ ಏಳಲಿಲ್ಲ. ಧ್ವನಿಯ ಪಾಲೂ ದೊಡ್ಡದು. ಸ್ನೇಕ್‌ಗೆ ಜಪಾನಿಯಲ್ಲಿ ಅಕಿಯೊ ಓತ್ಸುಕಾ, ಇಂಗ್ಲಿಷಿನಲ್ಲಿ ಡೇವಿಡ್ ಹೇಟರ್ ಕಂಠ ಕೊಟ್ಟರು. ಮುಕ್ತಾಯದಲ್ಲಿ ಕೇಳುವ, ರಿಕಾ ಮುರನಕ ರಚಿಸಿದ ಹಾಡು ಐರಿಷ್ ಭಾಷೆಯದು.

ಆಡುವ ಭಾಗ ಚಿಕ್ಕದಾಯಿತು, ರೇಡಿಯೊ ಸಂಭಾಷಣೆ ಉದ್ದವಾಯಿತು ಎಂಬ ಟೀಕೆ ಮೊದಲಿನಿಂದಲೂ ಇದೆ. ಅದರಲ್ಲಿ ಹುರುಳಿದೆ. ಎರಡನೆಯ ಅರ್ಧದಲ್ಲಿ ಬಿಸಿಗೂ ತಂಪಿಗೂ ಆಕಾರ ಬದಲಿಸುವ ಒಂದು ಕೀಲಿಯನ್ನು ಕುಲುಮೆಗೂ ಶೀತಲ ಉಗ್ರಾಣಕ್ಕೂ ಹೊತ್ತು ತಿರುಗಿಸುವುದು ದಣಿಸುತ್ತದೆ. ಆದರೆ ಮಾತುಗಳಲ್ಲಿ ಹೆಚ್ಚಿನವು ಬರಿಯ ಹರಟೆಯಲ್ಲ. ಅಣ್ವಸ್ತ್ರಗಳ ರಾಶಿ, ಅವುಗಳ ತ್ಯಾಜ್ಯ, ವಂಶವಾಹಿಗಳು ಮನುಷ್ಯನ ಹಣೆಬರಹವೇ ಎಂಬ ಪ್ರಶ್ನೆ, ಇವು ಆಟದ ನಡುವೆ ನಿಜವಾದ ಸಾಕ್ಷ್ಯಚಿತ್ರದ ತುಣುಕುಗಳೊಂದಿಗೆ ಬರುತ್ತವೆ. ಭಾರತ ಮತ್ತು ಪಾಕಿಸ್ತಾನಗಳು ಮೇ ತಿಂಗಳಲ್ಲಿ ಅಣುಪರೀಕ್ಷೆ ನಡೆಸಿದ ವರ್ಷದಲ್ಲೇ ಈ ಆಟ ಹೊರಬಂದದ್ದು. ಕೊನೆಯ ಹಂತದಲ್ಲಿ ಲಿಕ್ವಿಡ್, ಕೊಲ್ಲುವುದು ನಿನಗೆ ಖುಷಿ ಕೊಡುತ್ತದಲ್ಲವೇ ಎಂದು ಸ್ನೇಕ್‌ನನ್ನು ಚುಚ್ಚುತ್ತಾನೆ. ಅಡಗಿ ಹೋಗುವ ದಾರಿ ಇದ್ದಾಗಲೂ ಗುಂಡು ಹಾರಿಸಿದ ಆಟಗಾರನಿಗೂ ಆ ಮಾತು ನಾಟುತ್ತದೆ.

ನಂತರದ ಆವೃತ್ತಿಗಳು

ಜಪಾನಿನಲ್ಲಿ 1999ರಲ್ಲಿ 'ಇಂಟೆಗ್ರಲ್' ಎಂಬ ವಿಸ್ತೃತ ಆವೃತ್ತಿ ಬಂತು. ಸರಣಿ ಪ್ಲೇಸ್ಟೇಷನ್ 2ರಲ್ಲಿ 2001 ಮತ್ತು 2004ರಲ್ಲಿ, ಪ್ಲೇಸ್ಟೇಷನ್ 3ರಲ್ಲಿ 2008ರಲ್ಲಿ ಮುಂದುವರಿಯಿತು. 2015ರ ಐದನೆಯ ಭಾಗದ ಬಳಿಕ ಕೊಜಿಮಾ ಕೊನಾಮಿ ತೊರೆದರು. ಇದೇ ಸ್ಟೆಲ್ತ್ ಪ್ರಕಾರದಲ್ಲಿ ಯೂಬಿಸಾಫ್ಟ್‌ನ 'ಸ್ಪ್ಲಿಂಟರ್ ಸೆಲ್' (2002) ಬೆಳಕು-ನೆರಳಿನ ಮೇಲೆ ನಿಂತು ಬೇರೆ ದಾರಿ ಹಿಡಿಯಿತು. ಗೇಮ್‌ಕ್ಯೂಬ್‌ಗಾಗಿ 2004ರಲ್ಲಿ ಮರುರೂಪಿಸಿದ 'ದಿ ಟ್ವಿನ್ ಸ್ನೇಕ್ಸ್'ನಲ್ಲಿ ಸ್ನೇಕ್‌ನ ಕಣ್ಣಿನಿಂದ ನೋಡುತ್ತಲೇ ಗುರಿಯಿಟ್ಟು ಹೊಡೆಯುವ ಸೌಲಭ್ಯ ಸೇರಿತು. ಹಳೆಯ ಓಣಿಗಳನ್ನು ಹಾಗೇ ಇಟ್ಟು ಆ ಸೌಲಭ್ಯ ಕೊಟ್ಟಿದ್ದರಿಂದ ಪಹರೆ ಸಡಿಲವಾಯಿತು. ಮೂಲ ಆಟವೇ 2023ರಲ್ಲಿ 'ಮಾಸ್ಟರ್ ಕಲೆಕ್ಷನ್' ಸಂಪುಟದೊಂದಿಗೆ ಇಂದಿನ ಕನ್ಸೋಲುಗಳಿಗೆ ಮರಳಿತು. ತಂತಿಯೂ ಎರಡನೆಯ ಪೋರ್ಟೂ ಇಲ್ಲದ ಯಂತ್ರಗಳಲ್ಲಿ ಮ್ಯಾಂಟಿಸ್‌ನನ್ನು ಎದುರಿಸುವುದು ಹೇಗೆಂಬ ಪ್ರಶ್ನೆ ಅದಕ್ಕೂ ಮುಂಚೆ, ಪ್ಲೇಸ್ಟೇಷನ್ 3ರ ಕಾಲದಲ್ಲೇ ಎದ್ದಿತ್ತು. ಅಲ್ಲಿ ಕಂಟ್ರೋಲರಿನ ಸಂಖ್ಯೆಯನ್ನು ಮೆನುವಿನಲ್ಲಿ ಒಂದರಿಂದ ಎರಡಕ್ಕೆ ಬದಲಿಸಿಕೊಳ್ಳಬೇಕಿತ್ತು.